ನಲವತ್ತಮೂರನೆಯ ಕಾಗದ

ನಲವತ್ತೆರಡು ಆದಮೇಲೆ ನಲವತ್ತನಾಲ್ಕು ಇತ್ತು. ಎರಡು ಹಾಳೆ ಒಟ್ಟಿಗೆ ಅಂಟಿಕೊಂಡಿರಬಹುದೆಂದು ಒಂದೊಂದಾಗಿ ಎತ್ತಿಟ್ಟು ಮತ್ತೆ ಎಣಿಸಿದೆ. ನಲವತ್ತಮೂರನೆಯ ಕಾಗದ ಇರಲಿಲ್ಲ. ಹಿಂದಿನ ವಾರ ಅದು ಕಟ್ಟಿನಲ್ಲಿ ಇದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಹೊತ್ತಾಯಿತೆಂದು ಓದದೆ ಮುಚ್ಚಿಟ್ಟು ಬಂದಿದ್ದೆ.

ಅಮೆರಿಕದಲ್ಲಿ ನನ್ನ ಮಗಳ ಮನೆಯಿದ್ದ ಕ್ಯಾರಿಯಿಂದ ಮುಕ್ಕಾಲು ಗಂಟೆ ದೂರದ ಸಣ್ಣ ಊರೊಂದರ ಇತಿಹಾಸ ಸಂಘ ಆ ವರ್ಷ, ಅಂದರೆ ತೊಂಬತ್ತಾರರಲ್ಲಿ, ಒಂದು ಪುಸ್ತಕ ಮಾಡಿಸುತ್ತಿತ್ತು. ಅವರ ಜಿಲ್ಲೆಯ, ಅಲ್ಲಿನ ಮಾತಿನಲ್ಲಿ ಕೌಂಟಿಯ, ಅಧಿಕಾರಿಗಳು ನೂರ ಮೂವತ್ತು ವರ್ಷಗಳ ಹಿಂದೆ ನಾರ್ತ್ ಕೆರೊಲಿನಾದ ಗವರ್ನರಿಗೆ ಬರೆದ ಪತ್ರಗಳು. ಅರ್ಧ ಪತ್ರಗಳು ಅಂತರ್ಯುದ್ಧ ನಡೆಯುತ್ತಿದ್ದಾಗಿನವು. ಉಳಿದವು ಯುದ್ಧ ಸೋತು, ಗುಲಾಮರಿಗೆ ಬಿಡುಗಡೆಯಾಗಿ, ರಾಜ್ಯವನ್ನು ಮತ್ತೆ ಕಟ್ಟುತ್ತಿದ್ದ ವರ್ಷಗಳವು. ಮೂಲಪತ್ರಗಳು ರಾಜಧಾನಿ ರಾಲಿಯ ಸರ್ಕಾರಿ ದಫ್ತರದಲ್ಲಿದ್ದವು. ನಮ್ಮ ಮೇಜಿನ ಮೇಲಿದ್ದದ್ದು ಜೆರಾಕ್ಸ್. ಬೇರೆಯವರು ಟೈಪ್ ಮಾಡಿದ್ದನ್ನು ಜೆರಾಕ್ಸಿನ ಜೊತೆ ತಾಳೆ ನೋಡುವುದು ನನ್ನ ಕೆಲಸ.

ಆ ಕೆಲಸಕ್ಕೆ ನನ್ನನ್ನು ಕರೆದೊಯ್ದವರು ನನ್ನ ಇಂಗ್ಲಿಷ್ ಟೀಚರ್ ಅರ್ಲೀನ್ ಬಾಯ್ಕಿನ್. ಮಗಳ ಮನೆಗೆ ಬಂದಮೇಲೆ ನಾನು ಸೇರಿದ ರಾತ್ರಿ ಕ್ಲಾಸಿನಲ್ಲಿ ಅವರು ಪಾಠ ಹೇಳುತ್ತಿದ್ದರು. ಕನ್ನಡದ ಅಕ್ಷರವನ್ನೂ ನಾನು ಕಲಿತದ್ದು ಹಾಗೆಯೇ, ಮೂವತ್ತೈದು ದಾಟಿದ ಮೇಲೆ, ಮೈಸೂರಿನ ಹಾಸ್ಟೆಲ್ಲಿನಲ್ಲಿ ಸಂಜೆಯ ಅಡುಗೆ ಮುಗಿಸಿ. ಅದಕ್ಕೇ ಇಂದಿಗೂ ಬೆರಳಿಟ್ಟುಕೊಂಡು ಓದುತ್ತೇನೆ.

"ಸಾಲು ಸಾಲೇ ನುಂಗೋರಿಗೆ ತಪ್ಪು ಕಾಣಲ್ಲ, ಮಿಸ್ ಗಂಗಾ. ನೀವೇ ಬೇಕು" ಎಂದಿದ್ದರು ಅರ್ಲೀನ್.

ಅವರಿಗೆ ಆ ಪುಸ್ತಕದ ಮೇಲೆ ಕಣ್ಣಿಡಲು ಕಾರಣವಿತ್ತು. ಅವರ ಮುತ್ತಜ್ಜ ಐಶಮ್ ಬಾಯ್ಕಿನ್ ಗುಲಾಮನಾಗಿ ಹುಟ್ಟಿ, ಬಿಡುಗಡೆಯಾದ ಮೂರೇ ವರ್ಷಕ್ಕೆ ಆ ಕೌಂಟಿಯ ಮೊದಲ ಕಪ್ಪು ಮ್ಯಾಜಿಸ್ಟ್ರೇಟ್ ಆದವನು. ಹಳೆಯ ಕೋರ್ಟಿನ ಮುಂದೆ ನಿಲ್ಲಿಸುವ ಸ್ಮಾರಕ ಕಲ್ಲಿನಲ್ಲಿ ಅವನ ಹೆಸರು ಕೆತ್ತಿಸಬೇಕೆಂದು ಅರ್ಲೀನ್ ಆರು ವರ್ಷದಿಂದ ಅರ್ಜಿ ಹಾಕುತ್ತಿದ್ದರು. ಅಡ್ಡಿಯಾಗಿದ್ದದ್ದು ೧೮೬೮ರ ಒಂದು ಪತ್ರ. 'ಈ ಐಶಮ್‌ನನ್ನು ನೇಮಿಸಬೇಡಿ, ಯುದ್ಧಕಾಲದಲ್ಲಿ ಸೈನಿಕರ ಹೆಂಡಿರ ಉಪ್ಪಿನ ಉಗ್ರಾಣಕ್ಕೆ ಬೆಂಕಿಯಿಟ್ಟವನು ಇವನೇ' ಎಂದು ಕೌಂಟಿಯ ಕ್ಲರ್ಕ್ ಜೋಸಾಯಾ ಲ್ಯಾಂಗ್‌ಡನ್ ಹೊಸ ಗವರ್ನರಿಗೆ ಬರೆದಿದ್ದ. ಬೆಂಕಿಯಿಟ್ಟವನ ಹೆಸರನ್ನು ಕಲ್ಲಿಗೆ ಹಾಕುವುದು ಹೇಗೆಂದು ಸಂಘದವರ ಪ್ರಶ್ನೆ. ಆ ಶುಕ್ರವಾರ ಸಭೆಯಿತ್ತು. ಕಲ್ಲು, ಪುಸ್ತಕ ಎರಡೂ ಅಂದೇ ತೀರ್ಮಾನ.

ಪುಸ್ತಕದ ಸಂಪಾದಕರು ಯಾರು ಎಂದರೆ ಅದೇ ಜೋಸಾಯಾನ ಮರಿಮಗ, ನಿವೃತ್ತ ವಕೀಲ ಮಿಸ್ಟರ್ ಲ್ಯಾಂಗ್‌ಡನ್.

ಕಾಗದ ಕಾಣುತ್ತಿಲ್ಲವೆಂದು ನಾನು ಹೇಳಿದ ಕೂಡಲೇ ಅವರು ಪತ್ರಗಳ ಪಟ್ಟಿ ತೆಗೆದು ನೋಡಿದರು. "ನಲವತ್ತಮೂರು. ಉಪ್ಪಿನ ವಿಚಾರ, ೧೮೬೩, ಅಕ್ಟೋಬರ್" ಎಂದು ಓದಿ, ಪಟ್ಟಿಯನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡರು. ಮೇಜಿನ ಮೇಲೆ ಇರುತ್ತಿದ್ದ ಪಟ್ಟಿ ಜೇಬಿಗೇಕೆ ಹೋಯಿತು?

"ರಾಲಿಯಿಂದ ಇನ್ನೊಂದು ಕಾಪಿ ತರಿಸಬಹುದಲ್ಲ ಸರ್?" ಎಂದೆ.

"ಮೂರು ವಾರ ಆಗುತ್ತೆ ಮ್ಯಾಮ್. ಅದಿನ್ನೂ ಟೈಪೂ ಆಗಿಲ್ಲ. ಪ್ರೆಸ್ಸಿನವರು ಕಾಯಲ್ಲ."

ನನಗೆ ಅಷ್ಟು ಸಾಕಾಯಿತು. ಮನೆಗೆ ಬಂದು ಮಗಳು ವಸಂತಾಳ ಮುಂದೆ ಹೇಳಿಯೇಬಿಟ್ಟೆ.

"ಅದನ್ನ ಅವನೇ ತೆಗೆದಿರೋದು ಕಣೆ. ಮುತ್ತಾತನ ಮಾನ ಉಳಿಸ್ಕೊಳ್ಳೋಕೆ."

"ಅಮ್ಮ, ನಿಂಗ್ಯಾಕೆ ಇವ್ರ ಊರ್ ಪಾಲಿಟಿಕ್ಸು? ವಾಲಂಟಿಯರ್ ಮಾಡೋಕ್ ಹೋದೋಳು ಡಿಟೆಕ್ಟಿವ್ ಆಗ್ಬಿಟ್ಯಲ್ಲ" ಎಂದು ಅವಳು ನಕ್ಕಳು.

ಅಳಿಯ ಹರಿಪ್ರಸಾದ ಊಟದ ತಟ್ಟೆಯಿಂದ ತಲೆಯೆತ್ತದೆ, "ಅತ್ತೆ ನನ್ನ ಮೇಲೂ ಒಂದು ಫೈಲ್ ಓಪನ್ ಮಾಡಿರ್ಬೇಕು" ಎಂದ.

ಬುಧವಾರ ಮತ್ತೆ ಹೋದಾಗ ಲ್ಯಾಂಗ್‌ಡನ್ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಕೂರಿಸಿ, ಬಹಳ ಮರ್ಯಾದೆಯಿಂದಲೇ, ಬ್ಯಾಗ್ ನೋಡಬೇಕಿದೆ ಎಂದರು. ಹಿಂದಿನ ವಾರ ಒಬ್ಬರು ಏನೋ ನೋಡಿದರಂತೆ. ನಾನು ಒಂದು ಹಾಳೆಯನ್ನು ಮುಖದ ಹತ್ತಿರ ಒಯ್ದೆನಂತೆ, ಸೆರಗು ಅಡ್ಡ ಬಂತಂತೆ, ಆಮೇಲೆ ಹಾಳೆ ಕಾಣಿಸಲಿಲ್ಲವಂತೆ.

ನನಗೆ ನೆನಪಾಯಿತು. ಕೆಳಗೆ ಬಿದ್ದ ಕಾಗದಕ್ಕೆ ಕಾಲು ತಗುಲಿತ್ತು. ಎತ್ತಿ ಕಣ್ಣಿಗೊತ್ತಿಕೊಂಡಿದ್ದೆ. ಅದು ಕೈಗೆ ತಾನಾಗಿ ಬರುವ ಕೆಲಸ. ನಮ್ಮಲ್ಲಿ ಯಾರೂ ಅದನ್ನು ನೋಡುವುದೂ ಇಲ್ಲ. ಇವರಿಗೆ ಹೇಗೆ ಹೇಳುವುದು? ಅರ್ಧಂಬರ್ಧ ಇಂಗ್ಲಿಷಿನಲ್ಲಿ, "ಪೇಪರ್ ಈಸ್ ಗಾಡ್" ಎಂದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಅವರು ಬ್ಯಾಗಿನಿಂದ ಒಂದೊಂದೇ ತೆಗೆದಿಟ್ಟರು: ಕನ್ನಡಕದ ಡಬ್ಬಿ, ಮಾತ್ರೆ, ನಿಘಂಟು, ಮೊಸರನ್ನದ ಡಬ್ಬಿ. ಡಬ್ಬಿಯ ಮುಚ್ಚಳವನ್ನೂ ತೆಗೆದರು. ಉಪ್ಪಿನಕಾಯಿಯ ವಾಸನೆ ರೂಮಿಗೆಲ್ಲ ಹರಡಿತು. ಅರ್ಲೀನ್ ಆಚೆ ಮೇಜಿನಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದರು. ಅವರ ತಲೆ ಕಾಗದದಿಂದ ಮೇಲೇಳಲಿಲ್ಲ. ನನ್ನ ಪರವಾಗಿ ಒಂದು ಮಾತಾಡಬಾರದೇ ಎನಿಸಿತು. ನಾಚಿಕೆಯಾಗಿರಬೇಕೆಂದು ನಾನೇ ಸಮಾಧಾನ ಹೇಳಿಕೊಂಡೆ.

ಮಧ್ಯಾಹ್ನ ಮನೆಗೆ ಬಿಡುವಾಗ ಅರ್ಲೀನ್ ದಾರಿಯಲ್ಲಿ ಒಂದು ಚರ್ಚಿನ ಪಾರ್ಕಿಂಗ್ ಲಾಟಿಗೆ ಕಾರು ತಿರುಗಿಸಿ ನಿಲ್ಲಿಸಿದರು. ಸೀಟಿನ ಹಿಂದಿನಿಂದ ಒಂದು ಲಕೋಟೆ ತೆಗೆದು ನನ್ನ ಮಡಿಲಲ್ಲಿಟ್ಟರು. ಒಳಗೆ ಒಂದೇ ಹಾಳೆ. ಮೂಲೆಯಲ್ಲಿ ಪೆನ್ಸಿಲಿನ ಅಂಕಿ: ೪೩.

ನಾನು ಹಾಳೆ ನೋಡಿದೆ, ಅವರನ್ನು ನೋಡಿದೆ.

"ನನ್ನ ಅನ್ನದ ಡಬ್ಬಿ ತೆಗೆಸಿ ನೋಡಿದರು, ಟೀಚರ್. ನೀವು ಅಲ್ಲೇ ಕೂತಿದ್ರಿ."

"ಹೌದು."

"ನೀವು ಹೇಳ್ಬಹುದಿತ್ತು."

"ಹೌದು, ಮಿಸ್ ಗಂಗಾ. ಬಾಯಿ ಬರಲಿಲ್ಲ." ಅವರು ಸ್ಟಿಯರಿಂಗ್ ಬಿಟ್ಟಿರಲಿಲ್ಲ. "ಅರವತ್ತೆಂಟರ ಪತ್ರ ಇದೆಯಲ್ಲ, ಅದು ರಾಜಕೀಯದ ಹೊಟ್ಟೆಕಿಚ್ಚು ಅಂತ ವಾದ ಮಾಡಬಹುದು. ಆದರೆ ಇದು ಯುದ್ಧದ ಮಧ್ಯೆ ಬರೆದದ್ದು. ಆಗ ಐಶಮ್ ಯಾರಿಗೂ ಲೆಕ್ಕಕ್ಕಿಲ್ಲದ ಆಳು. ಅವನ ಮೇಲೆ ಸುಳ್ಳು ಹೇಳಿ ಯಾರಿಗೇನು ಲಾಭ ಅಂತ ಕೇಳ್ತಾರೆ. ಇದು ಪುಸ್ತಕಕ್ಕೆ ಬಂದ ದಿನ ಅವನ ಕಥೆ ಮುಗೀತು."

ಸಿಟ್ಟು ಇಳಿದಿರದಿದ್ದರೂ ಹಾಳೆ ಕೈಯಲ್ಲಿತ್ತು. ಬೆರಳಿಟ್ಟು ಓದಿದೆ. ಬರೆದವನು ಆಗ ಕೌಂಟಿಯಲ್ಲಿ ಉಪ್ಪು ಹಂಚುವ ಅಧಿಕಾರಿಯಾಗಿದ್ದ ಅದೇ ಜೋಸಾಯಾ ಲ್ಯಾಂಗ್‌ಡನ್. ಓದಲು ಒಂದು ಗಂಟೆ ಹಿಡಿಯಿತು. ನನಗೆ ಆದ ಅರ್ಥ ಇಷ್ಟು:

'ಮಾನ್ಯರೇ, ಕಳೆದ ಮಂಗಳವಾರ ಉಗ್ರಾಣಕ್ಕೆ ಬೆಂಕಿ ಬಿದ್ದು, ಸೈನಿಕರ ಕುಟುಂಬಗಳಿಗೆಂದು ಇಟ್ಟಿದ್ದ ನಲವತ್ತು ಮೂಟೆ ಉಪ್ಪೂ ಸುಟ್ಟು ನಾಶವಾಯಿತು. ಮರುದಿನ ಬೆಳಿಗ್ಗೆ ನಾನೇ ಹೋಗಿ ನೋಡಲಾಗಿ, ಬೂದಿಯ ಹೊರತು ಒಂದು ಹಿಡಿಯಷ್ಟೂ ಉಳಿದಿರಲಿಲ್ಲ. ಬಾಯ್ಕಿನ್ ಧಣಿಗಳ ಗುಲಾಮ ಐಶಮ್ ಆ ಕಡೆ ಸುಳಿದಾಡುತ್ತಿದ್ದನೆಂದು ಜನ ಹೇಳುತ್ತಾರೆ. ಹಂದಿ ಕಡಿದು ಮಾಂಸಕ್ಕೆ ಉಪ್ಪು ಹಾಕುವ ಕಾಲ ಬರುತ್ತಿದೆ. ದಯಮಾಡಿ ಬೇಗ ಅರವತ್ತು ಮೂಟೆ ಕಳುಹಿಸಿಕೊಡಬೇಕು.'

ನಾನು ಮತ್ತೆ ಮೊದಲಿಗೆ ಬೆರಳಿಟ್ಟೆ.

"ಟೀಚರ್, ಉಪ್ಪು ಸುಡುತ್ತಾ?"

"ಏನು?"

"ಉಪ್ಪು. ಬೆಂಕಿಗೆ ಹಾಕಿದರೆ ಬೂದಿ ಆಗುತ್ತಾ?"

ಅರ್ಲೀನ್ ಬಗ್ಗಿ ಆ ಸಾಲನ್ನು ತಾವೇ ಓದಿದರು.

ನಮ್ಮ ಹಾಸ್ಟೆಲ್ಲಿನ ಸೌದೆಮನೆಗೆ ಒಮ್ಮೆ ಬೆಂಕಿ ಬಿದ್ದಿತ್ತು. ಗೋಣಿ ಸುಟ್ಟು, ಸೂರು ಕುಸಿದು, ಕಲ್ಲುಪ್ಪು ಮಾತ್ರ ಕರಿಹೆಂಟೆಯಾಗಿ ರಾಶಿ ಬಿದ್ದಿತ್ತು. ಮೇಲಿನ ಮಸಿ ಕೆರೆದು, ನೀರಲ್ಲಿ ಕದಡಿ, ಸೋಸಿ, ಅದೇ ಉಪ್ಪಿನಲ್ಲಿ ಎರಡು ತಿಂಗಳು ಸಾರು ಮಾಡಿದ್ದೆ. ನಲವತ್ತು ಮೂಟೆ ಎಂದರೆ ಸಣ್ಣ ಗುಡ್ಡ. ಬೆಂಕಿ ಬೀಳುವಾಗ ಆ ಗುಡ್ಡ ಉಗ್ರಾಣದಲ್ಲಿ ಇದ್ದಿದ್ದರೆ ಬೆಳಿಗ್ಗೆಯೂ ಅಲ್ಲೇ ಇರಬೇಕಿತ್ತು. ಮುಂಚೆಯೇ ಯಾರೋ ಸಾಗಿಸಿದ್ದರು. ಬೆಂಕಿ ಬಿದ್ದದ್ದು ಖಾಲಿ ಉಗ್ರಾಣಕ್ಕೆ.

"ಇದನ್ನ ಬಚ್ಚಿಟ್ಟಿದ್ದೀರಲ್ಲ ಟೀಚರ್" ಎಂದೆ, "ನಿಮ್ಮ ಮುತ್ತಜ್ಜನನ್ನ ಬಿಡಿಸೋ ಕಾಗದ ಇದೇ."

ಅವರು ಸ್ಟಿಯರಿಂಗ್ ಮೇಲೆ ಹಣೆಯಿಟ್ಟರು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು, ಆದರೆ ಚೆನ್ನಾದ ನಗುವಲ್ಲ. "ಹಾಗಾದರೆ ಇದನ್ನ ಹೊರಗೆ ತೆಗೀಬೇಕು. ತೆಗೆದರೆ, ಎಲ್ಲಿತ್ತು ಅಂತ ಹೇಳಬೇಕು."

ನಾನು ಹಾಳೆಯನ್ನು ಲಕೋಟೆಗೆ ಹಾಕಿದೆ. "ನನ್ನ ನಿಘಂಟಿನೊಳಗೆ ಸೇರಿಕೊಂಡಿತ್ತು ಅಂದರಾಯಿತು. ನನ್ನ ಮೇಲೆ ಹೇಗೂ ಅನುಮಾನ ಇದೆ."

"ಬೇಡ. ನಿಘಂಟನ್ನ ಅವರು ಕೊಡವಿ ನೋಡಿದ್ದಾರೆ" ಎಂದರು. ಕಾರು ಹೊರಡಿಸಿ, ಸಿಗ್ನಲ್ ದಾಟಿದ ಮೇಲೆ, "ಅದೊಂದೇ ಕಾರಣ ಅಲ್ಲ" ಎಂದರು.

ನನಗೋ ಹಾಸ್ಟೆಲ್ಲಿನ ನೆನಪೊಂದೇ ಸಾಲದೆನಿಸಿತು. ಗುರುವಾರ ಎರಡು ಪೌಂಡು ಉಪ್ಪನ್ನು ಹಳೆಯ ದಿಂಬಿನ ಚೀಲಕ್ಕೆ ಸುರಿದು, ಹಿತ್ತಿಲಲ್ಲಿದ್ದ ಅಳಿಯನ ಇದ್ದಿಲ ಗ್ರಿಲ್ಲಿಗೆ ಹಾಕಿ, ಸೌದೆ ಪೇರಿಸಿ ಹಚ್ಚಿದೆ. ಹರಿಪ್ರಸಾದ ಆಫೀಸಿನಿಂದ ಬಂದವನು ಟೈ ಸಡಿಲಿಸುತ್ತ ನಿಂತುಬಿಟ್ಟ.

"ಅತ್ತೆ, ಇದ್ಯಾವ ಹೋಮ? ನೆಬರ್ಸ್ ಫೈರ್ ಡಿಪಾರ್ಟ್‌ಮೆಂಟ್‌ಗೆ ಕಾಲ್ ಮಾಡ್ತಾರೆ!"

"ನೀವು ಆ ಕಡೆ ನಿಂತ್ಕೊಳ್ಳಿ, ಹೊಗೆ ಬರುತ್ತೆ."

ವಸಂತಾ ಲ್ಯಾಬಿನಲ್ಲಿ ಕೆಮಿಸ್ಟ್. ವಿಷಯ ಕೇಳಿದ್ದೇ ಅವಳ ತಮಾಷೆ ನಿಂತಿತು. "ಅಮ್ಮ, ಉಪ್ಪು ಮೆಲ್ಟ್ ಆಗೋಕೇ ಎಂಟುನೂರು ಡಿಗ್ರಿ ಬೇಕು. ಮೆಲ್ಟ್ ಆದ್ರೂ ಎಲ್ಲಿಗ್ ಹೋಗತ್ತೆ? ತಣ್ಣಗಾದ್ರೆ ಕಲ್ಲಾಗಿ ಕೂರತ್ತೆ." ತಾನೇ ಇಕ್ಕಳ ತಂದು, ಬೂದಿ ಕೆದಕಿ, ಮುಷ್ಟಿಗಾತ್ರದ ಕರಿಹೆಂಟೆಗಳನ್ನು ಹೊರತೆಗೆದು, ಒಂದರ ಮೂಲೆ ಮುರಿದು ನಾಲಿಗೆಗಿಟ್ಟಳು. "ಸಾರಿಗೆ ಹಾಕ್ಬಹುದು."

ಶುಕ್ರವಾರ ಸಭೆಯಲ್ಲಿ ನನ್ನನ್ನು ಬಿಟ್ಟು ಏಳು ಜನರಿದ್ದರು. ಲ್ಯಾಂಗ್‌ಡನ್ ಮಾತು ಶುರುಮಾಡುವ ಮೊದಲೇ ಅರ್ಲೀನ್ ಎದ್ದು ಲಕೋಟೆಯನ್ನು ಮೇಜಿನ ಮೇಲಿಟ್ಟರು.

"ನಲವತ್ತಮೂರು. ತೆಗೆದವಳು ನಾನು. ಮಿಸ್ ಗಂಗಾ ಅವರ ಬ್ಯಾಗು ಬಿಚ್ಚುವಾಗ ನನ್ನ ಕಾರಿನಲ್ಲಿತ್ತು. ನಾನು ಮಾತಾಡಲಿಲ್ಲ."

ಲ್ಯಾಂಗ್‌ಡನ್ ಪತ್ರವನ್ನು ತೆಗೆದು ಓದಿದರು. ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಅದನ್ನು ಓದುತ್ತಿರುವುದು ಮೊದಲ ಸಲವೆಂದು ಆಗ ನನಗೆ ಖಾತ್ರಿಯಾಯಿತು.

"ಇದು ಐಶಮ್‌ಗೆ ವಿರುದ್ಧವಾಗಿಯೇ ಇದೆ" ಎಂದರು, ಗೊಂದಲದಿಂದ.

ಅರ್ಲೀನ್ ನನ್ನ ಕಡೆ ನೋಡಿದರು. ನಾನು ಹೆಂಟೆಗಳ ಪೊಟ್ಟಣ ಬಿಚ್ಚಿ, ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಉಪ್ಪು ಸುಡುವುದಿಲ್ಲ, ಇದು ಎರಡು ಗಂಟೆ ಬೆಂಕಿಯಲ್ಲಿದ್ದದ್ದು, ನಲವತ್ತು ಮೂಟೆ ಎಲ್ಲಿ? ಒಬ್ಬರಾದ ಮೇಲೊಬ್ಬರು ಹೆಂಟೆಯನ್ನು ಕೈಗೆತ್ತಿಕೊಂಡರು.

ವಕೀಲರು ವಕೀಲರೇ. "ಮಳೆ ಬಂದಿದ್ದರೆ?" ಎಂದು ಕೇಳಿದರು. "ಬೆಂಕಿಯಾದ ಮೇಲೆ ಜೋರು ಮಳೆ ಬಂದು ಕೊಚ್ಚಿಹೋಗಿದ್ದರೆ, ಮ್ಯಾಮ್?"

"ನಲವತ್ತೆರಡನ್ನ ನೋಡಿ ಸರ್" ಎಂದೆ. ಅದನ್ನು ನಾನು ಎರಡು ದಿನ ಕೂತು ತಾಳೆ ನೋಡಿದ್ದೆ. ಅದು ಶೆರಿಫನ ಪತ್ರ, ಬೆಂಕಿಯಾದ ಎರಡು ದಿನಕ್ಕೆ ಬರೆದದ್ದು: ಆರು ವಾರದಿಂದ ಹನಿ ಮಳೆಯಿಲ್ಲ, ಹಳ್ಳ ಬತ್ತಿ ಹಿಟ್ಟಿನ ಗಿರಣಿಗಳು ನಿಂತಿವೆ.

ಲ್ಯಾಂಗ್‌ಡನ್ ನಲವತ್ತೆರಡನ್ನು ತೆಗೆದು ಓದಿದರು. ನಲವತ್ತಮೂರನ್ನು ಅದರ ಪಕ್ಕದಲ್ಲಿಟ್ಟು ಮತ್ತೆ ಓದಿದರು. ಸಂಘದ ಹಿರಿಯ ಹೆಂಗಸೊಬ್ಬರು, "ಹಾಗಾದರೆ ಬೆಂಕಿ ಹಚ್ಚಿದ್ದು ಯಾರು?" ಎಂದು ಕೇಳಿದರು.

"ಉಪ್ಪು ಎಲ್ಲಿ ಹೋಯಿತೆಂದು ಗೊತ್ತಿದ್ದವನು" ಎಂದರು ಲ್ಯಾಂಗ್‌ಡನ್. ತಮ್ಮ ಮುತ್ತಾತನ ಹೆಸರು ಹೇಳಲಿಲ್ಲ.

ಎರಡರ ವಿರುದ್ಧ ಐದು ಮತದಿಂದ ಐಶಮ್‌ನ ಹೆಸರು ಕಲ್ಲಿಗೆ ಬಂತು. ಪುಸ್ತಕದಲ್ಲಿ ನಲವತ್ತೆರಡು, ನಲವತ್ತಮೂರು, ೧೮೬೮ರದ್ದು, ಈ ಮೂರೂ ಪತ್ರಗಳನ್ನು ಒಟ್ಟಿಗೆ ಹಾಕಿ ಅಡಿಯಲ್ಲಿ ಟಿಪ್ಪಣಿ ಬರೆಯುವುದೆಂದಾಯಿತು. ಆಮೇಲೆ, ಕಾಗದ ಹೊರಗೆ ಒಯ್ದವರಿಗೆ ಆ ಕೋಣೆಗೆ ಮತ್ತೆ ಪ್ರವೇಶವಿಲ್ಲವೆಂಬ ನಿಯಮವನ್ನು ಲ್ಯಾಂಗ್‌ಡನ್ ಓದಿದರು. ಅರ್ಲೀನ್ ಬೀಗದ ಕೈ ಕೊಟ್ಟು ಸಹಿ ಹಾಕಿದರು. ನನ್ನ ಬ್ಯಾಗಿನ ವಿಷಯಕ್ಕೆ ಲ್ಯಾಂಗ್‌ಡನ್ ಕ್ಷಮೆ ಕೇಳಲಿಲ್ಲ. ಜೋಸಾಯಾ ಬರೆದ ಉಳಿದ ಪತ್ರಗಳ ಕಟ್ಟನ್ನು ತಂದು ನನ್ನ ಮುಂದಿಟ್ಟು, "ಇವನ್ನೂ ಹಾಗೇ ಓದಿ. ನಾನು ಓದಿದ್ದನ್ನ ನಾನೇ ನಂಬೋ ಹಾಗಿಲ್ಲ ಈಗ" ಎಂದರು.

ಹೊರಗೆ ಕಾರಿನಲ್ಲಿ ಅರ್ಲೀನ್ ಬೆಲ್ಟ್ ಹಾಕಿಕೊಂಡರು, ಕೀಲಿ ತಿರುಗಿಸಲಿಲ್ಲ.

"ನನ್ನ ಮೇಲೆ ಒಂದು ಸಲವೂ ಅನುಮಾನ ಬರಲಿಲ್ಲವಾ, ಮಿಸ್ ಗಂಗಾ?"

"ಇಲ್ಲ. ಪೂರಾ ಅವರ ಮೇಲೇ ಇತ್ತು."

"ಬರಬೇಕಿತ್ತು."

"ಇನ್ನು ಮೇಲೆ ಬರುತ್ತೆ, ಟೀಚರ್" ಎಂದೆ. ಅವರು ನನ್ನನ್ನು ನೋಡಿದರು. ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ಸೋಮವಾರ ಕ್ಲಾಸಿಗೆ ಬರ್ತೀನಿ. ಯಾವ ಪಾಠ?"

"ಭೂತಕಾಲ ಇನ್ನೂ ಮುಗಿದಿಲ್ಲ" ಎಂದು ಅವರು ಕಾರು ಹೊರಡಿಸಿದರು.