ಗುರುವಾರ ಎರಡು ಗಂಟೆಯ ಶೆಲ್ಬಿ

ಆಪ್ತಸಮಾಲೋಚನೆಯಲ್ಲಿ ಎಂ.ಎ. ಓದುತ್ತಿದ್ದ ಎಲ್ವಿರಾ ಕಾರ್ಡೆನಾಸ್‌ಳನ್ನು ಕೊನೆಯ ವರ್ಷದ ತರಬೇತಿಗೆ ಹಾಕಿದ್ದು ಅವಳ ಊರಿನ ಸಮುದಾಯ ಕಾಲೇಜಿಗೇ. ಊರಿನ ಸುತ್ತ ಸೇಬಿನ ಗೋದಾಮುಗಳು. ಬೆಳಗಿನ ಪಾಳಿ ಮುಗಿಸಿ, ಹೊಳಪಿಗೆಂದು ಹಣ್ಣಿಗೆ ಹಚ್ಚುವ ಮೇಣ ಕೈಗೆ ಮೆತ್ತಿದ ವಾಸನೆಯ ಸಮೇತ ತರಗತಿಗೆ ಬರುವವರೇ ಅಲ್ಲಿ ಹೆಚ್ಚು. ಎಲ್ವಿರಾಳ ಅಮ್ಮನೂ ಇಪ್ಪತ್ತು ವರ್ಷ ಅಲ್ಲೇ ಸೇಬು ಆರಿಸಿದವಳು.

ಗುರುವಾರ ಎರಡು ಗಂಟೆಗೆ ಎಲ್ವಿರಾಳ ಹತ್ತಿರ ಸಮಾಲೋಚನೆಗೆ ಬರುತ್ತಿದ್ದ ವಿದ್ಯಾರ್ಥಿನಿ ಶೆಲ್ಬಿ. ಇಪ್ಪತ್ತಾರು ವರ್ಷ, ಆರು ವರ್ಷದ ಮಗಳು ಟೆಸ್ಸಾ, ಜೊತೆಗೆ ವಾಸಿಸುವ ಗೆಳೆಯ ಕರ್ಟಿಸ್. ನರ್ಸಿಂಗ್ ಸಹಾಯಕಿಯ ಕೋರ್ಸ್ ಓದುತ್ತಿದ್ದಳು. ಮೊದಲ ಮೂರು ವಾರ ಕೋಟನ್ನೇ ಬಿಚ್ಚದೆ ಕೂತಿದ್ದಳು. ನಾಲ್ಕನೆಯ ವಾರ ನಕ್ಕಳು. ಆ ದಿನ ಎಲ್ವಿರಾ ಮನೆಗೆ ಹಾಡುತ್ತಾ ಹೋಗಿದ್ದಳು.

ಒಂಬತ್ತನೆಯ ವಾರ ಶೆಲ್ಬಿ ಪರೀಕ್ಷೆಯ ಮಾತಾಡುತ್ತಿದ್ದಳು. "ಓದೋಕೆ ಎಲ್ಲಿ ಆಗುತ್ತೆ ಹೇಳಿ. ಮೊನ್ನೆ ಟೆಸ್ಸಾ ಹಾಲು ಚೆಲ್ಲಿದ್ಳು, ಕರ್ಟಿಸ್ ಬೆಲ್ಟ್ ತಗೊಂಡ. ಬೆನ್ನ ಮೇಲೆ ಬರೆ ಎದ್ದಿದೆ, ರಾತ್ರಿಯೆಲ್ಲ ಅತ್ತಳು. ಬೆಳಿಗ್ಗೆ ನನಗೆ ಎಲುಬಿನ ಹೆಸರು ಒಂದೂ ನೆನಪಿಲ್ಲ." ಅಷ್ಟು ಹೇಳಿ ಮತ್ತೆ ಎಲುಬುಗಳ ವಿಷಯಕ್ಕೆ ಹೋದಳು.

ಎಲ್ವಿರಾ ತಲೆಯಾಡಿಸಿದಳು. ಕೇಳಬೇಕಾದದ್ದನ್ನು ಕೇಳಲಿಲ್ಲ. ಗಂಟೆ ಮುಗಿದಾಗ "ಮುಂದಿನ ವಾರ ಸಿಗೋಣ" ಅಂದಳು. ಶೆಲ್ಬಿ ಬಾಗಿಲು ಹಾಕಿಕೊಂಡು ಹೋದಳು.

ಎಲ್ವಿರಾ ಎದ್ದು ಹೋಗಿ ರೂತ್ ಓಕರ್ಲಂಡ್ ಅವರಿಗೆ ಹೇಳಿದಳು. ತರಬೇತಿಯವರನ್ನೆಲ್ಲ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸು ರೂತ್.

"ಅಲ್ಲೇ ಯಾಕೆ ಮಾತೆತ್ತಲಿಲ್ಲ?"

"ಎತ್ತಿದ್ರೆ ಅವಳು ಮತ್ತೆ ಬರಲ್ಲ, ರೂತ್. ಮಕ್ಕಳ ರಕ್ಷಣೆಯವರಿಗೆ ತಿಳಿಸೋಕೆ ಕಾನೂನಲ್ಲಿ ಎರಡು ದಿನ ಇದೆಯಲ್ಲ? ನಾಳೆ ಅವಳ ಹತ್ತಿರ ನಿಧಾನವಾಗಿ ಮಾತಾಡಿ..."

"ಆ ಮಗು ಇವತ್ತು ಎಲ್ಲಿ ಮಲಗುತ್ತೆ?"

ಎಲ್ವಿರಾ ಮೇಜಿನ ಮೇಲಿದ್ದ ಫೋನಿನ ಕಡೆ ನೋಡಿದಳು.

"ನಿನಗಾಗಲ್ಲ ಅಂದ್ರೆ ನಾನು ಮಾಡ್ತೀನಿ ಫೋನ್," ಅಂದರು ರೂತ್. "ಆದರೆ ಅವಳು ಹೇಳಿದ್ದು ನಿನ್ನ ಹತ್ತಿರ. ಮೊದಲು ಅವಳಿಗೆ ತಿಳಿಸು. ಬೆನ್ನ ಹಿಂದೆ ಮಾಡಬೇಡ."

ಶೆಲ್ಬಿ ಪ್ರಾಯೋಗಿಕ ತರಗತಿಯಲ್ಲಿ ರೋಗಿಯ ಬದಲು ಮಲಗಿಸಿದ್ದ ಗೊಂಬೆಯೊಂದನ್ನು ಮಗ್ಗುಲಿಗೆ ಹೊರಳಿಸಿ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು. ಎಲ್ವಿರಾಳನ್ನು ಕಂಡು ನಗುತ್ತ ಹೊರಬಂದವಳು ವಿಷಯ ಕೇಳಿ ಗೋಡೆಗೆ ಒರಗಿದಳು.

"ಒಳಗೆ ಹೇಳಿದ್ದು ಒಳಗೇ ಇರುತ್ತೆ ಅಂದಿದ್ರಿ."

"ಮಗುವಿಗೆ ಪೆಟ್ಟಾದರೆ ಹೇಳಲೇಬೇಕು ಅಂತಾನೂ ಮೊದಲ ದಿನ ಹೇಳಿದ್ದೆ, ಶೆಲ್ಬಿ. ನೀವು ಸಹಿ ಹಾಕಿದ ಕಾಗದದಲ್ಲೂ ಇದೆ."

"ಆ ಕಾಗದ ಯಾರು ಓದ್ತಾರೆ?" ಶೆಲ್ಬಿಯ ಧ್ವನಿ ಇಳಿಯಿತು. "ನಮ್ಮಮ್ಮನಿಗೂ ಹೇಳಿರಲಿಲ್ಲ, ನಿನಗೆ ಹೇಳಿದೆ. ನೀನು ಕಲಿಯೋಕೆ ಬಂದವಳು ತಾನೇ? ನನ್ನ ಮಗುನ ಇಟ್ಕೊಂಡು ಕಲೀತೀಯಾ? ಮಾರ್ಕ್ಸ್ ಕೊಡ್ತಾರಾ ಇದಕ್ಕೆ?"

ಅವಳು 'ನೀನು' ಅಂದದ್ದು ಅದೇ ಮೊದಲು.

"ಫೋನ್ ಮಾಡಲೇಬೇಕು," ಅಂದಳು ಎಲ್ವಿರಾ. "ನೀವೂ ಪಕ್ಕದಲ್ಲಿದ್ರೆ ನಿಮ್ಮ ಮಾತೂ ಅವರ ಕಿವಿಗೆ ಬೀಳುತ್ತೆ."

"ಕಿತ್ಕೊಂಡು ಹೋಗ್ತಾರೆ ಅವಳನ್ನ."

"ಹೋಗಲ್ಲ ಅಂತ ನಾನು ಹೇಳೋಕಾಗಲ್ಲ. ಸುಳ್ಳಾಗುತ್ತೆ."

ಶೆಲ್ಬಿ ಎಲ್ವಿರಾಳ ಕೋಣೆಗೆ ಬಂದಳು, ಆದರೆ ಕೂರಲಿಲ್ಲ. ಬಾಗಿಲ ಬಳಿಯೇ ತೋಳು ಕಟ್ಟಿ ನಿಂತಳು. ರೂತ್ ಮೂಲೆಯ ಕುರ್ಚಿಯಲ್ಲಿದ್ದರು. ಎಲ್ವಿರಾ ಫೋನಿನಲ್ಲಿ ಹೆಸರು, ವಯಸ್ಸು, ವಿಳಾಸ ಹೇಳಿದಳು. ಆ ಕಡೆಯ ಹೆಂಗಸು, ಗಾಯ ಎಷ್ಟಿವೆ, ಎಲ್ಲಿವೆ ಎಂದು ಕೇಳಿದಳು.

"ನನಗೆ... ಗೊತ್ತಿಲ್ಲ," ಅಂದಳು ಎಲ್ವಿರಾ.

"ಮೂರು," ಅಂದಳು ಶೆಲ್ಬಿ ಬಾಗಿಲಿಂದಲೇ. "ಎಡಗಡೆ, ಸೊಂಟದ ಮೇಲೆ. ಕಾಲಿನ ಮೇಲೆ ಹಳೇದೊಂದು."

ಹಳೆಯದು ಎಂಬ ಮಾತು ಅವಳ ಬಾಯಿಂದಲೇ ಬಿದ್ದಾಗ ಅವಳಿಗೇ ಅದು ಮೊದಲ ಸಲ ಕೇಳಿಸಿದಂತಿತ್ತು. ಮುಂದೆ ಬಂದು ಫೋನ್ ಕಿತ್ತುಕೊಂಡಳು. "ನಾನು ಅವಳ ತಾಯಿ, ಮಾತಾಡ್ತೀನಿ," ಅಂದಳು. ನಲವತ್ತು ನಿಮಿಷ ಮಾತಾಡಿದಳು. ಎಲ್ವಿರಾಳ ಮುಖವನ್ನು ಒಮ್ಮೆಯೂ ನೋಡಲಿಲ್ಲ.

ಅಂದೇ ಸಂಜೆ ಅಧಿಕಾರಿಗಳು ಮನೆಗೆ ಬಂದರು. ಕರ್ಟಿಸ್ ಮನೆ ಬಿಡಲು ಒಪ್ಪಲಿಲ್ಲ. ತಾಯಿ ಮಗಳು ಎರಡು ಚೀಲ ಹಿಡಿದು ಅರವತ್ತು ಮೈಲಿ ದೂರದ ಚಿಕ್ಕಮ್ಮನ ಮನೆಗೆ ಹೊರಟರು. ಅಷ್ಟು ದೂರದಿಂದ ದಿನವೂ ಬರಲಾಗದೆ ಶೆಲ್ಬಿ ಕೋರ್ಸ್ ಬಿಟ್ಟಳು. ಇಷ್ಟನ್ನು ಎಲ್ವಿರಾಳಿಗೆ ತಿಳಿಸಿದ್ದು ಅಧಿಕಾರಿಯೇ, ಅದೂ ಎರಡು ನಿಮಿಷದ ಫೋನಿನಲ್ಲಿ.

ಮುಂದಿನ ಗುರುವಾರ ಎರಡಕ್ಕೆ ಎಲ್ವಿರಾ ಕೋಣೆಯಲ್ಲಿ ಕಾದಳು. ಮೂರಕ್ಕೆ 'ಬರಲಿಲ್ಲ' ಎಂದು ಬರೆದಳು. ಚಳಿಗಾಲವಿಡೀ ಆ ಹೊತ್ತಿಗೆ ಬೇರೆಯವರನ್ನು ಕೊಡಬೇಡಿ ಎಂದು ರೂತ್ ಅವರನ್ನು ಕೇಳಿಕೊಂಡಳು. ಎರಡು ವಾರ ಆ ಹೊತ್ತನ್ನು ಖಾಲಿ ಬಿಟ್ಟ ರೂತ್, ಮೂರನೆಯ ವಾರ ಬೇರೊಬ್ಬ ವಿದ್ಯಾರ್ಥಿಯನ್ನು ಕಳಿಸಿದರು.

ಏಪ್ರಿಲ್‌ನಲ್ಲಿ ಶೆಲ್ಬಿ ವಾರಕ್ಕೆರಡೇ ದಿನದ ತರಗತಿಗೆ ಮತ್ತೆ ಹೆಸರು ಹಚ್ಚಿದಳು. ಸಮಾಲೋಚನೆಯೂ ಬೇಕೆಂದು ಅರ್ಜಿ ಕೊಟ್ಟಿದ್ದಳು. ಕೊನೆಯ ಸಾಲಿನಲ್ಲಿ, ಯಾರಾದರೂ ಸರಿ, ಎಲ್ವಿರಾ ಬೇಡ ಎಂದಿತ್ತು. ರೂತ್ ಅದನ್ನು ಮುಚ್ಚಿಡದೆ ತೋರಿಸಿದರು.

ಎಲ್ವಿರಾ ಎರಡು ಸಲ ಓದಿದಳು. "ಯಾರಿಗೆ ಕೊಡ್ತೀರಿ?"

"ನಾನೇ ನೋಡ್ತೀನಿ. ನಿನ್ನೆ ಬಂದಿದ್ಳು."

"ಟೆಸ್ಸಾ ಹೇಗಿದ್ದಾಳಂತೆ?"

ರೂತ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದನ್ನ ನಾನು ನಿನಗೆ ಹೇಳೋ ಹಾಗಿಲ್ಲ, ಎಲ್ವಿರಾ. ಗೊತ್ತಲ್ಲ."

"ಗೊತ್ತು," ಅಂದಳು ಎಲ್ವಿರಾ.

ಅವಳು ಅರ್ಜಿಯನ್ನು ವಾಪಸು ಕೊಟ್ಟಳು. ಹೊರಗೆ ಬೆಂಚಿನ ಮೇಲೆ ಮೂರು ಗಂಟೆಗೆ ಮೊದಲ ಸಲ ಬಂದವನು, ವೆಲ್ಡಿಂಗ್ ಕಲಿಯುವ ಒಬ್ಬ ಗಂಡಸು, ಟೋಪಿ ತಿರುವುತ್ತ ಕೂತಿದ್ದ. ಎಲ್ವಿರಾ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದು ಅವನನ್ನು ಒಳಗೆ ಕರೆದಳು. ಮೊದಲ ದಿನದ ಕಾಗದವನ್ನು ಅವನ ಮುಂದಿಟ್ಟು, ಸಹಿಗೆ ಮೊದಲು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದತೊಡಗಿದಳು.