ಯಾರಮ್ಮಾ, ಏನು ರಿಪೇರಿ?

“ಆ ಸ್ಟೂಲ್ ಎತ್ತಬೇಡ, ಅದು ಅಲ್ಲೇ ಇರಬೇಕು” ಎಂದು ಆಕೆ ಮೈದುನನ ಕೈ ಹಿಡಿದುಕೊಂಡಳು.

ಸ್ಟೂಲನ್ನು ಅರ್ಧಕ್ಕೆ ಎತ್ತಿದ್ದ ಮೈದುನ ಹಾಗೇ ನಿಂತ. ಅಣ್ಣನ ಶವ ಮಲಗಿಸಲು ಮುಂದಿನ ಕೋಣೆಯಲ್ಲಿ ಜಾಗ ಮಾಡುತ್ತಿದ್ದ. ಕೋಣೆ ತುಂಬ ರಿಪೇರಿಗೆ ಬಂದ ಹೊಲಿಗೆ ಯಂತ್ರಗಳು. ಇನ್ನು ಇದರ ಮೇಲೆ ಯಾರು ಕೂರುತ್ತಾರೆ ಅತ್ತಿಗೆ, ಎಂದು ಮೆಲ್ಲಗೆ ಕೇಳಿದ. ಆಕೆ ಕೈ ಬಿಟ್ಟಳು. ಎರಡು ವರ್ಷದಿಂದ ಆ ಮನೆಯಲ್ಲಿ ಒಂದು ಚಮಚವೂ ಜಾಗ ಬದಲಿಸಿರಲಿಲ್ಲ.

ಮಗಳು ಹತ್ತು ಗಂಟೆಯ ಬಸ್ಸಿಗೆ ಬರುತ್ತಾಳೆಂದು ಅಳಿಯ ಫೋನು ಮಾಡಿದ್ದ. ಆಗಿನಿಂದ ಆಕೆಯ ಕಣ್ಣು ಗೋಡೆಯ ಗಡಿಯಾರದ ಮೇಲೇ. ಗಂಡ ಸತ್ತ ದುಃಖಕ್ಕಿಂತ ಮಗಳು ಬರುವ ಭಯವೇ ದೊಡ್ಡದಾಯಿತಲ್ಲ ಎಂದು ತನಗೆ ತಾನೇ ಅಂದುಕೊಂಡಳು.

ಒಂಬತ್ತರ ಹೊತ್ತಿಗೆ ಬೀದಿಯವರು ಬಂದು ಗೋಡೆಗೆ ಒರಗಿ ಕೂತರು. ಆಕೆಯ ಗಂಡನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು; ಮೇಸ್ತ್ರಿಯಂಥ ಕೆಲಸಗಾರ ಇನ್ನು ಹುಟ್ಟಬೇಕು ಎಂದರು. ಕಣ್ಣು ಮುಚ್ಚಿಕೊಂಡೇ ಯಂತ್ರದ ಹೊಟ್ಟೆಗೆ ಕೈ ಹಾಕಿ ಗಾಲಿಯ ಸವೆದ ಹಲ್ಲು ಯಾವುದೆಂದು ಹೇಳುತ್ತಿದ್ದರಂತೆ. ಮೊದಮೊದಲು ಅದನ್ನು ಜಂಬ ಅಂದುಕೊಂಡಿದ್ದೆ ಎಂದಳು ಪಕ್ಕದ ಬೀದಿಯ ದರ್ಜಿ ಹೆಂಗಸು. ಪೇಪರ್ ಅಂಗಡಿಯವನು, ಜಂಬ ಇತ್ತು ಬಿಡಿ, ಎದುರಿಗೆ ಸಿಕ್ಕರೆ ಮುಖ ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರು ಎಂದ. ಅಂದವನೇ ಶವದ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ. ದರ್ಜಿ ಹೆಂಗಸು ಆಕೆಯ ಹತ್ತಿರ ಸರಿದು, ಈ ಹೊತ್ತಿನಲ್ಲಿ ಕೇಳಬಾರದು, ಆದರೂ ತನ್ನ ಯಂತ್ರ ಇದರಲ್ಲಿ ಯಾವುದೋ ಗೊತ್ತಾಗುತ್ತಿಲ್ಲ ಎಂದಳು.

* * *

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೇಸ್ತ್ರಿ ಮೇಜಿನ ಮುಂದೆ ಬಹಳ ಹೊತ್ತು ಸುಮ್ಮನೆ ನಿಂತಿದ್ದ.

“ಉದ್ದಕ್ಕಿದೆ, ಹೊಳೀತಿದೆ, ಒಂದು ತುದೀಲಿ ಎರಡು ಬಳೆ ಥರ ಇದೆ. ಏನಿದು?”

ತಮಾಷೆ ಮಾಡುತ್ತಿದ್ದಾನೆಂದು ಆಕೆ ನಕ್ಕಳು. ಅವನು ನಗಲಿಲ್ಲ. ಕೈಗೆತ್ತಿಕೊಂಡ ಮೇಲೆ, “ಕತ್ತರಿ” ಎಂದ.

ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ದೊಡ್ಡಾಸ್ಪತ್ರೆಯಲ್ಲಿ, ಮಿದುಳಿನ ಸಣ್ಣ ರಕ್ತನಾಳವೊಂದು ಕಟ್ಟಿಕೊಂಡಿದೆ, ಕಂಡದ್ದು ಏನೆಂದು ಅರ್ಥ ಮಾಡಿಕೊಳ್ಳುವ ಜಾಗಕ್ಕೇ ಪೆಟ್ಟಾಗಿದೆ ಎಂದರು. ಮುಟ್ಟಿದರೆ, ಸದ್ದು ಕೇಳಿದರೆ ಎಲ್ಲವೂ ತಿಳಿಯುತ್ತಿತ್ತು. ಮನುಷ್ಯರದೂ ಅದೇ ಕತೆ. ಮೂಗು, ಮೀಸೆ, ಹಣೆ ಎಲ್ಲ ಕಾಣುತ್ತಿತ್ತು. ಬಾಯಿ ಬಿಡುವವರೆಗೆ ಯಾರೆಂದು ಗೊತ್ತಾಗುತ್ತಿರಲಿಲ್ಲ. ಹೆಂಡತಿ ಒಳಗೆ ಬರುವಾಗಲೆಲ್ಲ ಕೆಮ್ಮಿಕೊಂಡು ಬರುವುದನ್ನು ಕಲಿತಳು.

ಆ ದಿನ ಆಸ್ಪತ್ರೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅವನು ಆಕೆಯ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ.

“ಯಾರಿಗೂ ಹೇಳಬೇಡ. ಗೊತ್ತಾದ್ರೆ ಒಂದು ಮಷೀನೂ ನಮ್ಮನೆಗೆ ಬರಲ್ಲ. ಅರೆಹುಚ್ಚ ಅಂತಾರೆ.”

ಆಕೆ ಆಣೆ ಮಾಡಿದಳು.

ಅದಕ್ಕೂ ಮೊದಲೇ ಮಗಳು ಮನೆ ಬಿಟ್ಟಿದ್ದಳು. ಆ ಹುಡುಗನನ್ನು ಮದುವೆಯಾದರೆ ನನಗೆ ಮಗಳೇ ಇಲ್ಲ ಎಂದು ಅಪ್ಪ ಸಿಟ್ಟಿನಲ್ಲಿ ಅಂದಿದ್ದ, ಅವಳು ಅವನನ್ನೇ ಮದುವೆಯಾಗಿದ್ದಳು.

ಹೋದ ವರ್ಷ ಒಂದು ದಿನ ಆಕೆ ತರಕಾರಿ ತಂದಾಗ ಗಂಡ ಬಾಗಿಲಲ್ಲೇ ಕಾಯುತ್ತಿದ್ದ. ಯಾರೋ ಹೆಂಗಸು ಬಂದಿದ್ದಳಂತೆ. ಯಾರಮ್ಮಾ, ಏನು ರಿಪೇರಿ ಎಂದು ಕೇಳಿದನಂತೆ. ಮಾತಾಡದೆ ನಿಂತು, ಅತ್ತು, ಹೋಗಿಬಿಟ್ಟಳಂತೆ. ಅವಳು ಬಿಟ್ಟುಹೋಗಿದ್ದ ಚೀಲದಲ್ಲಿ ಅವನ ಅಳತೆಯ ಸ್ವೆಟರ್ ಇತ್ತು. ಹೆಣಿಗೆ ನೋಡಿದೊಡನೆ ಆಕೆಗೆ ಅದು ಮಗಳ ಕೈಯದೆಂದು ಗೊತ್ತಾಯಿತು. ಯಾರೋ ಮನೆ ತಪ್ಪಿ ಬಂದಿರಬೇಕು ಎಂದು ಗಂಡನಿಗೆ ಹೇಳಿದಳು. ನಿಜ ಹೇಳಿದರೆ ಅವನು ಉಳಿಯುವುದಿಲ್ಲ ಎನ್ನಿಸಿತ್ತು. ಮಗಳಿಗೆ ಫೋನು ಮಾಡಿದಳು; ಎತ್ತಲಿಲ್ಲ. ಅಳಿಯ ಎತ್ತಿದಾಗ ಆಣೆ ಅಡ್ಡ ಬಂತು. ಅವರಿಗೆ ಮೈ ಸರಿಯಿಲ್ಲ ಎಂದಷ್ಟೇ ಹೇಳಿ ಇಟ್ಟಳು.

ಸಾಯುವ ಹಿಂದಿನ ವಾರವೂ ಅವನು ಕೇಳಿದ್ದ: “ಆ ಹೆಂಗಸು ಮತ್ತೆ ಬಂದ್ಲಾ?”

* * *

ಮಗಳು ಬಂದಾಗ ಹತ್ತೂವರೆ. ಶವದ ಕಾಲ ಬಳಿ ನಿಂತಳು, ಅಳಲಿಲ್ಲ. ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಕೆ ಮಗಳ ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು.

“ಆಡಿದ ಮಾತು ಉಳಿಸಿಕೊಂಡ್ರಲ್ಲಮ್ಮ. ನನ್ನ ಮುಖ ನೋಡ್ಕೊಂಡೇ ಕೇಳಿದ್ರು, ಯಾರಮ್ಮಾ ಅಂತ.”

ಆಕೆ ಹೇಳಿದಳು. ಕತ್ತರಿಯಿಂದ ಹಿಡಿದು ಬಸ್ಸಿನ ಆಣೆಯವರೆಗೆ, ಉಸಿರು ಬಿಡದೆ, ಎಲ್ಲಿ ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆನೋ ಎಂಬಂತೆ. ಮಗಳು ಕಟ್ಟೆಗೆ ಒರಗಿ ನಿಂತು ಕೇಳಿದಳು. ಹೊರಗೆ ಶವದ ವ್ಯಾನು ಬಂದು ನಿಂತ ಸದ್ದಾಯಿತು.

“ನಾನು ಅಪ್ಪಾ ಅಂತ ಒಂದು ಮಾತು ಅಂದಿದ್ರೆ?”

ಈ ಪ್ರಶ್ನೆ ಬರುತ್ತದೆಂದು ಬೆಳಗಿನಿಂದ ಆಕೆ ಒಂದು ಸುಳ್ಳು ಸಿದ್ಧ ಮಾಡಿಟ್ಟುಕೊಂಡಿದ್ದಳು. ಅದು ನಾಲಿಗೆಗೆ ಬರಲಿಲ್ಲ.

“ಗೊತ್ತಾಗ್ತಿತ್ತು.”

ಮಗಳು ತಲೆಯಾಡಿಸಿದಳು. ನಲ್ಲಿ ತಿರುಗಿಸಿ ಮುಖ ತೊಳೆದಳು. ಸೆರಗಿನಿಂದ ಒರೆಸಿಕೊಳ್ಳುತ್ತ, “ನೀನು ಹೇಳಬಹುದಿತ್ತು” ಎಂದಳು.

“ಹೇಳಬಹುದಿತ್ತು” ಎಂದಳು ತಾಯಿ.

ಶವವನ್ನು ವ್ಯಾನಿಗೆ ಏರಿಸಿದಾಗ ಮೈದುನ ಪಕ್ಕದಲ್ಲಿ ಕೂರಲು ಹೊರಟಿದ್ದ. ಮಗಳು ಅವನನ್ನು ದಾಟಿ ಹತ್ತಿ, ತಲೆಯ ಹತ್ತಿರ ಕೂತಳು. ತಾಯಿ ಎದುರಿಗೆ ಕೂತಳು. ವ್ಯಾನು ಹೊರಟಿತು.

ಬೀದಿಯ ತಿರುವು ದಾಟಿತು. ಆಮೇಲೆ ಮಗಳು ಪಕ್ಕದ ಸಣ್ಣ ಕಿಟಕಿಗೆ ಮುಖ ಇಟ್ಟು, ಅಪ್ಪನ ಕಿವಿಗೆ ಕೇಳುವಷ್ಟೇ ದನಿಯಲ್ಲಿ ಕಂಡದ್ದನ್ನೆಲ್ಲ ಹೇಳಲು ಶುರು ಮಾಡಿದಳು. ಸೈಕಲ್ ಅಂಗಡಿ ಅಪ್ಪ. ಟಯರು ನೇತುಹಾಕಿದಾರೆ. ಇದು ಶಾಲೆ ಗೇಟು. ಯಾರೋ ಒಬ್ಬಳು ಕೆಂಪು ಬಕೆಟ್ ಹಿಡ್ಕೊಂಡು ರಸ್ತೆ ದಾಟ್ತಿದಾಳೆ. ಇದು ನಾಯಿ, ಮಲಗಿದೆ. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ, ವೇಗ ಕಡಿಮೆ ಮಾಡಿದ.

ಊರಾಚೆ ಖಾಲಿ ಜಾಗದಲ್ಲಿ ಟಾರ್ಪಾಲು ಹೊದಿಸಿದ್ದ ಏನೋ ಒಂದು ದೊಡ್ಡ ಆಕಾರ ಬಂತು. ಅವಳು ಕುತ್ತಿಗೆ ಚಾಚಿ, ಅದು ಹಿಂದೆ ಸರಿಯುವವರೆಗೂ ನೋಡಿದಳು.

“ಅದೇನು ಅಂತ ನನಗೂ ಗೊತ್ತಾಗ್ಲಿಲ್ಲಪ್ಪ” ಎಂದಳು.