ದನ ಕಾಣಬೇಕು, ಆವಲಮ್ಮ ಕಾಣಬಾರದು

“ದನ ಕಾಣ್ಬೇಕು ಕಣೇ, ನೀನು ಕಾಣ್ಬಾರ್ದು. ಆ ಜಾಲಿ ಪೊದೆ ಹಿಂದೆ ಹೋಗಿ ಮುದುರ್ಕೊ. ನಿನ್ ಹರಕು ಸೀರೆ ಫೋಟೋದಲ್ಲಿ ಬಂದ್ರೆ ನನ್ ಮಾನ ಹೋಗ್ತದೆ, ಮುಂಡೆ!”

ಮಾವಿನ ಮಂಡಿ ಗಂಗಾಧರ್ ಹೀಗೆ ಬೈಯುವಾಗ ಆವಲಮ್ಮ ಹದಿನಾಲ್ಕು ದನಗಳನ್ನು ಮುಳ್ಳುತಂತಿಯ ಗೇಟಿನೊಳಗೆ ಹೊಡೆಯುತ್ತಿದ್ದಳು. ಅವುಗಳಲ್ಲಿ ಚುಕ್ಕಿ ಒಂದೇ ಅವಳದು, ಉಳಿದವು ಕೇರಿಯವರವು. ಬೈರಕೂರಿನಾಚೆಯ ಈ ಗೋಮಾಳದಲ್ಲಿ ಅವಳ ಅತ್ತೆಯೂ ದನ ಮೇಯಿಸಿದವಳೇ. ಹೋದ ವರ್ಷ ಗಂಗಾಧರ್ ಹಕ್ಕಿ ಉಳಿಸುವ ಟ್ರಸ್ಟು ಅಂತ ಒಂದು ಮಾಡಿ, ಅರ್ಧ ಗೋಮಾಳಕ್ಕೆ ತಂತಿ ಸುತ್ತಿಸಿದ. ದನ ತುಳಿದರೆ ಹಕ್ಕಿಗೆ ತೊಂದರೆಯಂತೆ. ಮೇವು ಸಾಲದೆ ಕೇರಿಯ ಆರು ದನ ಸಂತೆಗೆ ಹೋದವು.

ಆಮೇಲೆ ಆದದ್ದೇ ತಮಾಷೆ. ದನ ಬಾಯಿ ಹಾಕದ ಹುಲ್ಲು ಸೊಂಟದೆತ್ತರ ಬೆಳೆದು ಒಣಗಿ ನಿಂತಿತು. ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭಕ್ಕೆ ಬಯಲೇ ಇಲ್ಲ. ದನದ ಕಾಲ್ತುಳಿತಕ್ಕೆ ಏಳುವ ಮಿಡತೆ ಹಿಡಿದು ತಿನ್ನುವ ಬೆಳ್ಳಕ್ಕಿಗೆ ದನವಿಲ್ಲ, ಗೊರವಂಕಕ್ಕೆ ಸಗಣಿಯ ಹುಳುವಿಲ್ಲ. ಹಕ್ಕಿಗಳೆಲ್ಲ ತಂತಿ ದಾಟಿ, ದನ ಮೇಯುವ ಉಳಿದರ್ಧಕ್ಕೆ ಬಂದುಬಿಟ್ಟವು. ಹೀಗಾಗುತ್ತದೆಂದು ಆವಲಮ್ಮನಿಗೆ ಮೊದಲೇ ಗೊತ್ತಿತ್ತು. ಅವಳನ್ನು ಕೇಳಿದವರು ಯಾರು?

ಬೆಂಗಳೂರಿನಿಂದ ಹಕ್ಕಿ ನೋಡುವವರು, ಜೊತೆಗೊಬ್ಬ ದೊಡ್ಡ ಆಫೀಸರು ಬರುತ್ತಾರೆಂದಾಗ ಗಂಗಾಧರನಿಗೆ ಪೀಕಲಾಟ ಶುರುವಾಯಿತು. ತಾನೇ ಕೇರಿಯ ತನಕ ಬಂದ. ಒಳಗೆ ಕಾಲಿಡಲಿಲ್ಲ, ಹುಣಸೇಮರದ ಹತ್ತಿರವೇ ನಿಂತು ಕೂಗಿದ.

“ಏ ಆವಲಮ್ಮ, ನಾಳೆಯಿಂದ ದನ ಒಳಕ್ಕೆ ಬಿಡು. ಅವರು ಬಂದು ನೋಡ್ಕೊಂಡು ಹೋಗ್ಲಿ. ಆಮೇಲೆ ವರ್ಷವಿಡೀ ಮೇಯಿಸ್ಕೊ.”

“ಮಾತು ತಪ್ಬಾರ್ದು ಸ್ವಾಮಿ.”

“ಏನೇ, ನಂಗೇ ಬುದ್ಧಿ ಹೇಳ್ತೀಯಾ?”

ಮೂರು ದಿನ ದನ ಮೇಯ್ದವು. ಗೇಟಿನ ಸುತ್ತಲಿನ ಹುಲ್ಲು ತಗ್ಗಿತು. ನಾಲ್ಕನೆಯ ಬೆಳಿಗ್ಗೆ ಒಂದೊಂದು ದನದ ಹಿಂದೆ ಎರಡು ಮೂರು ಬೆಳ್ಳಕ್ಕಿ. ಚುಕ್ಕಿಯ ಬೆನ್ನ ಮೇಲೊಂದು ಕಾಜಾಣ. ಬೈಸಿಕೊಂಡು ಗೇಟಿನ ಹೊರಗಿನ ಪೊದೆಯ ಹಿಂದೆ ಕೂತಿದ್ದರೂ ಆವಲಮ್ಮನಿಗೆ ಖುಷಿಯಾಯಿತು.

ಅತಿಥಿಗಳು ಬಂದು ಒಳಗೆ ಹೋದರು. ದನ ಹೊರಬಾರದಂತೆ ಗೇಟಿಗೆ ಬೀಗ ಬಿತ್ತು. ಕ್ಯಾಮೆರಾಗಳು ಟಕಟಕ ಅಂದವು.

“ಇವೆಲ್ಲ ನಮ್ಮ ಟ್ರಸ್ಟಿನ ಗೋವುಗಳು ಸಾರ್,” ಅಂದ ಗಂಗಾಧರ್.

“ಬೇರೆ ದನ ನುಗ್ಗೋದಿಲ್ವಾ?” ಆಫೀಸರು ಕೇಳಿದರು.

“ಕೇರಿ ದನಗಳದ್ದೇ ಕಾಟ ಸಾರ್. ಕಾಲಿಟ್ರೆ ಎಲ್ಲಾ ಹಾಳು. ಅದಕ್ಕೇ ಸೋಮವಾರದಿಂದ ಉಳಿದರ್ಧಕ್ಕೂ ತಂತಿ ಹಾಕಿಸ್ತಿದ್ದೀವಿ. ತಾವೊಂದು ಸೈನ್ ಮಾಡಿದ್ರೆ ಸಾಕು.”

ಪೊದೆಯ ಹಿಂದೆ ಆವಲಮ್ಮನಿಗೆ ಎಲ್ಲವೂ ಕೇಳಿಸಿತು. ಇದ್ದರ್ಧವೂ ಹೋದರೆ ಚುಕ್ಕಿಗೆ ಸಂತೆಯೇ ಗತಿ. ಪಕ್ಕದಲ್ಲಿ ಅವಳ ಮೈದುನ ಮುನಿಯಲ್ಲಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಟ್ರಸ್ಟಿನ ಕಾವಲುಗಾರ ಅವನು. ಕೊರಳಲ್ಲಿ ಸೀಟಿ, ಕೈಯಲ್ಲಿ ಗೇಟಿನ ಬೀಗದಕೈ.

“ಅತ್ತಿಗೆ, ಬಾಯ್ ಬಿಡ್ಬೇಡ. ನನ್ ಕೆಲ್ಸ ಹೋಗ್ತದೆ.”

“ನಿನ್ ಎಮ್ಮೆ ಹೋಯ್ತಲ್ಲೋ ಸಂತೆಗೆ! ಇನ್ನೇನೋ ಹೋಗ್ಬೇಕು?”

ಅವಳು ಎದ್ದು ನಿಂತಳು.

“ದಾ ಚುಕ್ಕೀ! ದಾಮ್ಮಾ, ದಾ!”

ಗಡಿಯ ಈ ಕೇರಿಯಲ್ಲಿ ದನ ಕರೆಯುವುದು ತೆಲುಗಿನಲ್ಲೇ. ಹುಟ್ಟಿದಾಗಿನಿಂದ ಅವು ಕೇಳಿದ್ದು ಅದನ್ನೇ. ಚುಕ್ಕಿ ತಲೆಯೆತ್ತಿ ಹೊರಟಿತು, ಹಿಂದೆಯೇ ಉಳಿದವು.

“ಏಯ್ ಲೌಡಿ! ಕೂತ್ಕೊಳೇ!” ಅತಿಥಿಗಳನ್ನು ಮರೆತು ಗಂಗಾಧರ್ ಅರಚಿದ.

“ಟ್ರಸ್ಟಿನ ಗೋವು ತಾನೇ ಸ್ವಾಮಿ? ನೀನೇ ಕರಿ. ಬಂದ್ರೆ ಬಿಟ್ಟು ಹೋಗ್ತೀನಿ.”

ಗಂಗಾಧರ್ ಕೈ ಅಡ್ಡ ಹಿಡಿದು “ಬಾ, ಬಾ” ಅಂದ. ದನಗಳು ಅವನನ್ನು ಬಳಸಿಕೊಂಡು ಗೇಟಿಗೆ ಬಂದು ನಿಂತವು.

“ತೆಗಿ ಮುನಿಯಲ್ಲ.”

“ತೆಗೆದ್ಯೋ, ನಿನ್ ಚರ್ಮ ಸುಲಿತೀನಿ ಬೋಳಿಮಗನೇ!”

ಮುನಿಯಲ್ಲಪ್ಪ ಎದ್ದು ಗೇಟಿಗೆ ಹೋದ. ಬೀಗ ತೆಗೆದ. ಸೀಟಿಯನ್ನು ಕೊರಳಿಂದ ಬಿಚ್ಚಿ ಮುಳ್ಳುತಂತಿಗೆ ನೇತುಹಾಕಿದ.

ದನ ಹೊರಟಂತೆ ಬೆಳ್ಳಕ್ಕಿಗಳೂ ಎದ್ದವು. ಸ್ವಲ್ಪ ಹಾರಿ, ಸ್ವಲ್ಪ ನಡೆದು, ಅವುಗಳ ಹಿಂದೆಯೇ ಕೇರಿಗೆ ಬಂದು ತಿಪ್ಪೆಯ ಮೇಲೆ ಇಳಿದವು. ಕ್ಯಾಮೆರಾದವರೂ ಓಡೋಡಿ ಬಂದರು. ಹುಣಸೇಮರದ ಹತ್ತಿರ ಗಂಗಾಧರ್ ಅವರಿಗೆ ಅಡ್ಡ ನಿಂತ.

“ಮುಂದಕ್ಕೆ ಬೇಡಿ ಸಾರ್. ಅದು ಅವರ ಕೇರಿ.”

ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರೂ ಅಲ್ಲೇ ನಿಂತರು.

“ಆಫೀಸರು ಸೈನ್ ಹಾಕೇ ಹಾಕ್ತಾರೆ. ಸೋಮವಾರ ತಂತಿ ಬರ್ತದೆ ಅತ್ತಿಗೆ. ಪೊಲೀಸೂ ಬರ್ತಾರೆ,” ಅಂದ ಮುನಿಯಲ್ಲಪ್ಪ.

“ಬರ್ಲಿ. ಕಂಬ ನೆಡೋ ಗುಂಡೀಲಿ ನಾನು ಕೂತಿರ್ತೀನಿ. ನನ್ ಮೇಲೇ ನೆಡ್ಲಿ.”

ಆವಲಮ್ಮ ಚುಕ್ಕಿಯನ್ನು ಗೂಟಕ್ಕೆ ಕಟ್ಟಿ, ತಿಪ್ಪೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹುಣಸೇಮರದ ಕಡೆಯಿಂದ ಒಬ್ಬಾಕೆ ಮೊಳದುದ್ದದ ಕ್ಯಾಮೆರಾ ಕಣ್ಣಿಗಿಟ್ಟುಕೊಂಡೇ ಕೂಗಿದಳು.

“ಅಮ್ಮಾ, ಸ್ವಲ್ಪ ಪಕ್ಕಕ್ಕೆ ಹೋಗಮ್ಮಾ. ಹಕ್ಕಿಗೆ ಅಡ್ಡ ಬರ್ತಿದ್ದೀಯ.”

ಆವಲಮ್ಮ ಸರಿಯಲಿಲ್ಲ.